ರಕ್ತಪರೀಕ್ಷೆಯ ಬಿಲ್ಲು ಯಾರ ಲೆಕ್ಕಕ್ಕೆ?

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರ ಸಂಬಳದ ಚೀಟಿಯನ್ನು ಅವರ ಮಕ್ಕಳು ಓದುವುದು ಅಪರೂಪ. ಒಮ್ಮೆ ಓದಿ ನೋಡುವುದು ಒಳ್ಳೆಯದು. ಮೂಲವೇತನ, ತುಟ್ಟಿಭತ್ಯೆ, ಭವಿಷ್ಯನಿಧಿ ಇತ್ಯಾದಿಗಳ ಜೊತೆಗೆ ಇ.ಎಸ್.ಐ. ಎಂಬ ಒಂದು ಸಾಲು ಇರುತ್ತದೆ. ಅದರ ಮುಂದೆ ಕಡಿತವಾದ ಮೊತ್ತ ನೂರೋ ನೂರೈವತ್ತೋ ರೂಪಾಯಿ. ಯಾರೂ ಗಮನಿಸದಷ್ಟು ಸಣ್ಣ ಅಂಕಿ. ಆದರೆ ಮನೆಯಲ್ಲಿ ಮಗುವಿಗೆ ಜ್ವರ ಬಂದು ರಕ್ತ ಪರೀಕ್ಷಿಸಬೇಕಾದಾಗ, ಅಮ್ಮನ ಸಕ್ಕರೆ ಕಾಯಿಲೆಗೆ ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಬೇಕಾದಾಗ, ಆ ಬಿಲ್ಲನ್ನು ಯಾರು ಭರಿಸಬೇಕೆಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಸಾಲಿನಿಂದಲೇ. ಸಾಲು ಇದ್ದರೆ ಒಂದು ಲೆಕ್ಕ. ಇಲ್ಲದಿದ್ದರೆ ಬೇರೆಯೇ ಲೆಕ್ಕ.

ಈ ಎರಡು ಲೆಕ್ಕಗಳ ನಡುವಿನ ಅಂತರ ಎಷ್ಟೆಂಬುದು ಹೆಚ್ಚಿನ ಕುಟುಂಬಗಳಿಗೆ ಗೊತ್ತಾಗುವುದು ತಡವಾಗಿ, ಅದೂ ಲ್ಯಾಬಿನ ಕೌಂಟರಿನ ಮುಂದೆ ನಿಂತಾಗ. 'ನಮಗೆ ಇನ್ಶೂರೆನ್ಸ್ ಇದೆಯಲ್ಲ' ಎಂದು ಧೈರ್ಯದಿಂದ ಹೇಳಿದವರಿಗೆ 'ರಕ್ತಪರೀಕ್ಷೆಗೆ ಅದು ಬರುವುದಿಲ್ಲ' ಎಂಬ ಉತ್ತರ ಸಿಗುತ್ತದೆ. ವಿಮೆ ಇದ್ದೂ ಏಕೆ ಬರುವುದಿಲ್ಲ, ಯಾವಾಗ ಬರುತ್ತದೆ, ಕಳೆದ ಕೆಲವು ವರ್ಷಗಳಲ್ಲಿ ಇದರಲ್ಲಿ ಏನೇನು ಬದಲಾಗಿದೆ ಎಂಬುದನ್ನು ತಿಳಿದುಕೊಳ್ಳುವುದು ತಂದೆತಾಯಿಗಳಿಗೂ, ಶೇಕಡಾವಾರು ಲೆಕ್ಕ ಕಲಿಯುತ್ತಿರುವ ಮಕ್ಕಳಿಗೂ ಉಪಯೋಗಕ್ಕೆ ಬರುವ ಪಾಠ.

ಹಣವಲ್ಲ, ಸೇವೆ

ಮೊದಲು ಸಂಬಳದ ಚೀಟಿಯ ಸಾಲನ್ನೇ ತೆಗೆದುಕೊಳ್ಳೋಣ. ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂದದ್ದು 1948ರಲ್ಲಿ. 1952ರ ಫೆಬ್ರುವರಿ 24ರಂದು ಪ್ರಧಾನಿ ಜವಾಹರಲಾಲ್ ನೆಹರು ಕಾನ್ಪುರದಲ್ಲಿ ಯೋಜನೆಗೆ ಚಾಲನೆ ನೀಡಿದರು. ಮುಂದೆ ಅದು ಒಂದೊಂದೇ ಕೈಗಾರಿಕಾ ಕೇಂದ್ರಕ್ಕೆ ಹಬ್ಬಿತು. ಪಣಂಬೂರಿನಲ್ಲಿ ನವಮಂಗಳೂರು ಬಂದರು ತಲೆಯೆತ್ತಿ, 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ ಬಳಿಕ ಪಕ್ಕದ ಬೈಕಂಪಾಡಿಯಲ್ಲೂ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳು ಬೆಳೆದವು. ದೊಡ್ಡ ಸಾರ್ವಜನಿಕ ಉದ್ಯಮಗಳಲ್ಲಿ ನೌಕರರಿಗೆ ಸಂಸ್ಥೆಯದೇ ವೈದ್ಯಕೀಯ ವ್ಯವಸ್ಥೆ ಇರುವುದುಂಟು. ಹತ್ತು, ಇಪ್ಪತ್ತು, ಐವತ್ತು ಜನ ದುಡಿಯುವ ಸಣ್ಣ ಘಟಕಗಳ ಕಾರ್ಮಿಕರಿಗೆ ಆಸರೆಯಾದದ್ದು ಇ.ಎಸ್.ಐ.

ಇದನ್ನು ವಿಮೆ ಎಂದು ಕರೆದರೂ ಇದು ನಡೆಯುವ ರೀತಿ ಬೇರೆ. ಖಾಸಗಿ ವಿಮೆಯಲ್ಲಿ ಖರ್ಚು ಮಾಡಿದ ಹಣ ಮರಳಿ ಬರುತ್ತದೆ. ಇಲ್ಲಿ ಖರ್ಚೇ ಆಗಬಾರದು ಎಂಬುದು ಉದ್ದೇಶ. ಡಿಸ್ಪೆನ್ಸರಿಯ ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯನ್ನು ಇ.ಎಸ್.ಐ. ವ್ಯವಸ್ಥೆಯಲ್ಲೇ ಮಾಡುತ್ತಾರೆ. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಒಪ್ಪಂದ ಮಾಡಿಕೊಂಡ ಬೇರೆ ಕಡೆಗೆ ಚೀಟಿ ಕೊಟ್ಟು ಕಳಿಸುತ್ತಾರೆ. ಹಾಸಿಗೆ ಹಿಡಿದಿರಬೇಕು, ಇಪ್ಪತ್ತನಾಲ್ಕು ಗಂಟೆ ದಾಖಲಾಗಿರಬೇಕು ಎಂಬ ಶರತ್ತಿಲ್ಲ. ನೌಕರಿಗೆ ಸೇರಿದ ಮೊದಲ ದಿನದಿಂದಲೇ ವೈದ್ಯಕೀಯ ಸೌಲಭ್ಯಕ್ಕೆ ಹಕ್ಕಿರುತ್ತದೆ. ಮೊದಲೇ ಇದ್ದ ಕಾಯಿಲೆ ಎಂಬ ನೆಪವೂ ಇಲ್ಲಿಲ್ಲ.

ಇದಕ್ಕೆ ಕಟ್ಟುವುದೆಷ್ಟು? 2019ರ ಜೂನ್ ಕೊನೆಯವರೆಗೆ ನೌಕರ ಸಂಬಳದ ಶೇಕಡಾ 1.75, ಮಾಲೀಕ ಶೇಕಡಾ 4.75, ಒಟ್ಟು 6.5 ಕಟ್ಟಬೇಕಿತ್ತು. 2019ರ ಜುಲೈ 1ರಿಂದ ಅದನ್ನು ನೌಕರನಿಗೆ 0.75, ಮಾಲೀಕನಿಗೆ 3.25, ಒಟ್ಟು 4 ಎಂದು ಇಳಿಸಲಾಯಿತು. 20,000 ರೂಪಾಯಿ ಸಂಬಳದವನಿಗೆ ಇದನ್ನು ಅನ್ವಯಿಸಿ ನೋಡಿದರೆ ಹಿಂದೆ ಕಡಿತವಾಗುತ್ತಿದ್ದ 350 ರೂಪಾಯಿ ಈಗ 150ಕ್ಕೆ ಇಳಿದಿರುವುದು ಕಾಣುತ್ತದೆ. ವರ್ಷಕ್ಕೆ 1,800 ರೂಪಾಯಿ. ಇಷ್ಟರಲ್ಲಿ ಅವನು, ಅವನ ಹೆಂಡತಿ, ಮಕ್ಕಳು, ಅವನನ್ನೇ ಅವಲಂಬಿಸಿದ ತಂದೆತಾಯಿ ಎಲ್ಲರೂ ಬರುತ್ತಾರೆ.

ಹಾಗೆಂದು ಎಲ್ಲವೂ ಸುಗಮ ಎನ್ನುವಂತಿಲ್ಲ. ಮಂಗಳೂರಿನ ಇ.ಎಸ್.ಐ. ಆಸ್ಪತ್ರೆ ಇರುವುದು ನಗರದ ಒಳಗೆ, ಕದ್ರಿಯ ಶಿವಬಾಗಿನಲ್ಲಿ. ಬೈಕಂಪಾಡಿಯಿಂದ ಬಸ್ಸು ಹಿಡಿದು ಹೋಗಿ, ಸರದಿಯಲ್ಲಿ ನಿಂತು, ವರದಿ ಪಡೆದು ಬರುವಷ್ಟರಲ್ಲಿ ಒಂದು ಪಾಳಿ ಮುಗಿದಿರುತ್ತದೆ. ದಿನಗೂಲಿಯ ಲೆಕ್ಕದಲ್ಲಿ ದುಡಿಯುವವರಿಗೆ ಅದೇ ನಷ್ಟ. ಆದ್ದರಿಂದ ಎಷ್ಟೋ ಮಂದಿ ಹೆದ್ದಾರಿ ಬದಿಯ ಖಾಸಗಿ ಲ್ಯಾಬಿನಲ್ಲೇ ರಕ್ತ ಕೊಟ್ಟು, ದುಡ್ಡು ತೆತ್ತು ಕೆಲಸಕ್ಕೆ ಮರಳುತ್ತಾರೆ. ಹೀಗೆ ತಾವಾಗಿ ಹೊರಗೆ ಮಾಡಿಸಿದ ಪರೀಕ್ಷೆಯ ಹಣ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಹಕ್ಕು ಕಾಗದದ ಮೇಲಿದ್ದರೂ ಅದನ್ನು ಬಳಸಲು ತಗಲುವ ಸಮಯಕ್ಕೂ ಒಂದು ಬೆಲೆ ಇದೆ.

ಸಂಬಳ ಏರಿದ ದಿನ

ಈ ಯೋಜನೆಗೆ ಒಂದು ಗಡಿ ಇದೆ. ಅದು ಸಂಬಳದ ಗಡಿ. 1997ರಲ್ಲಿ ತಿಂಗಳಿಗೆ 6,500 ರೂಪಾಯಿ ಇದ್ದ ಮಿತಿ 2010ರಲ್ಲಿ 15,000ಕ್ಕೆ ಏರಿತು. 2017ರ ಜನವರಿ 1ರಿಂದ ಅದನ್ನು 21,000 ರೂಪಾಯಿಗೆ ಏರಿಸಲಾಯಿತು. ಅದಕ್ಕಿಂತ ಹೆಚ್ಚು ಪಡೆಯುವವರು ಯೋಜನೆಯಿಂದ ಹೊರಗೆ.

20,500 ರೂಪಾಯಿ ಪಡೆಯುತ್ತಿದ್ದ ಕಾರ್ಮಿಕನಿಗೆ ಸಾವಿರ ರೂಪಾಯಿ ಬಡ್ತಿ ಬಂತು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಸಂತೋಷ. ಆದರೆ ಸಂಬಳ 21,500 ಆದ ಕಾರಣ ಇ.ಎಸ್.ಐ. ಸಾಲು ಅಳಿಸಿಹೋಗುತ್ತದೆ. ಹಾಗೆಂದು ಮರುದಿನವೇ ಬಾಗಿಲು ಮುಚ್ಚುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್ ಎಂದು ವಂತಿಗೆಯ ಅವಧಿಗಳು ಎರಡು. ಅವಧಿಯ ಮಧ್ಯದಲ್ಲಿ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ವಂತಿಗೆ ಮುಂದುವರಿಯುತ್ತದೆ. ನಿಗದಿತ ದಿನಗಳ ವಂತಿಗೆ ತುಂಬಿದ್ದರೆ ಅದಕ್ಕೆ ಜೋಡಿಸಿದ ಸೌಲಭ್ಯದ ಅವಧಿಯೂ ಸಿಗುತ್ತದೆ. ಈ ಕೆಲವು ತಿಂಗಳುಗಳಲ್ಲೇ ಕುಟುಂಬ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಹೆಚ್ಚಿನವರು ಮಾಡಿಕೊಳ್ಳುವುದಿಲ್ಲ, ಏಕೆಂದರೆ ಹೊರಗಾದದ್ದೇ ತಿಳಿದಿರುವುದಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಗಡಿ ವಯಸ್ಸಿನದು. ಅವಲಂಬಿತ ಮಗ ಓದುತ್ತಿದ್ದರೆ 21 ವರ್ಷ ತುಂಬುವವರೆಗೆ ಅವನು ಕುಟುಂಬದ ಸದಸ್ಯ. ಅವಲಂಬಿತಳಾದ ಅವಿವಾಹಿತ ಮಗಳಿಗೆ ಈ ವಯಸ್ಸಿನ ಮಿತಿ ಇಲ್ಲ. 2025ರ ನವೆಂಬರ್ 21ರಂದು 1948ರ ಕಾಯ್ದೆಯ ಸ್ಥಾನಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಾಗಲೂ ಕುಟುಂಬದ ಈ ವ್ಯಾಖ್ಯೆ ಹಾಗೆಯೇ ಉಳಿಯಿತು. ಡಿಗ್ರಿಯ ಕೊನೆಯ ವರ್ಷದಲ್ಲಿರುವ ಹುಡುಗನೊಬ್ಬ ಹುಟ್ಟುಹಬ್ಬ ಆಚರಿಸಿದ ಮರುವಾರ ಜ್ವರ ಬಂದು ಮಲಗಿದರೆ, ತಂದೆಯ ಇ.ಎಸ್.ಐ. ಕಾರ್ಡಿನಲ್ಲಿ ಅವನಿಗೆ ಜಾಗ ಇರುವುದಿಲ್ಲ.

ಮೆಡಿಕ್ಲೇಮ್ ನಡೆದು ಬಂದ ದಾರಿ

ಇ.ಎಸ್.ಐ.ಯಿಂದ ಹೊರಬಂದವರು ಸಾಮಾನ್ಯವಾಗಿ ಕೊಳ್ಳುವುದು ಮೆಡಿಕ್ಲೇಮ್ ಪಾಲಿಸಿ, ಅಥವಾ ಕಾರ್ಖಾನೆಯೇ ಎಲ್ಲರ ಹೆಸರಿನಲ್ಲಿ ಮಾಡಿಸಿದ ಗುಂಪುವಿಮೆ. ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮನ್ನು ಆರಂಭಿಸಿದ್ದು 1986ರಲ್ಲಿ. ಅದರ ಮೂಲ ಸೂತ್ರ ಒಂದೇ ವಾಕ್ಯದ್ದು: ಆಸ್ಪತ್ರೆಗೆ ದಾಖಲಾದರೆ ಹಣ, ಇಲ್ಲದಿದ್ದರೆ ಇಲ್ಲ. ರಕ್ತಪರೀಕ್ಷೆಯ ಹಣ ಬರಬೇಕಾದರೆ ಅದು ದಾಖಲಾತಿಯ ಬಾಲ ಹಿಡಿದೇ ಬರಬೇಕು. ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯಾದ ನಂತರದ 60 ದಿನ, ಅದೇ ಕಾಯಿಲೆಗೆ ಸಂಬಂಧಿಸಿದ ಪರೀಕ್ಷೆಗಳಾಗಿದ್ದರೆ ಮಾತ್ರ ಲೆಕ್ಕಕ್ಕೆ. ಇಂದಿಗೂ ಅನೇಕ ಪಾಲಿಸಿಗಳಲ್ಲಿ ಇದೇ ಅಳತೆ ಇದೆ. 2020ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಲಾರಂಭಿಸಿದ 'ಆರೋಗ್ಯ ಸಂಜೀವಿನಿ' ಪಾಲಿಸಿಯಲ್ಲೂ ಇದೇ 30 ಮತ್ತು 60 ದಿನಗಳು. ಅದರಲ್ಲಿ ಒಪ್ಪಿತವಾದ ಬಿಲ್ಲಿನ ಶೇಕಡಾ 5ನ್ನು ಪಾಲಿಸಿದಾರನೇ ಭರಿಸಬೇಕು. 4,000 ರೂಪಾಯಿಯ ಬಿಲ್ಲು ಒಪ್ಪಿತವಾದರೆ ಕೈಗೆ ಬರುವುದು 3,800.

ಹಳೆಯ ಮೆಡಿಕ್ಲೇಮಿನಲ್ಲಿ ಒಂದು ಸಣ್ಣ ಕಿಟಕಿ ಇತ್ತು. ನಾಲ್ಕು ವರ್ಷ ಒಂದೂ ಕ್ಲೇಮು ಮಾಡದಿದ್ದರೆ ವಿಮಾ ಮೊತ್ತದ ಶೇಕಡಾ 1ರ ಮಿತಿಯಲ್ಲಿ ಒಂದು ಆರೋಗ್ಯ ತಪಾಸಣೆಯ ಹಣ ಕೊಡುತ್ತಿದ್ದರು. ಒಂದು ಲಕ್ಷದ ಪಾಲಿಸಿಗೆ ನಾಲ್ಕು ವರ್ಷಕ್ಕೊಮ್ಮೆ ಸಾವಿರ ರೂಪಾಯಿ! ಈ ಸೌಲಭ್ಯವನ್ನು ಕೇಳಿ ಪಡೆದವರು ವಿರಳ. ಪಾಲಿಸಿಯ ಪುಸ್ತಿಕೆಯನ್ನು ಅಷ್ಟು ದೂರದವರೆಗೆ ಓದಿದವರೇ ವಿರಳ.

ಬದಲಾವಣೆ ನಿಧಾನವಾಗಿ ಬಂತು. 1999ರ ಕಾಯ್ದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಕಾನೂನಿನ ಬಲ ಬಂದು, ಮರುವರ್ಷ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಪೈಪೋಟಿ ಹೆಚ್ಚಿದಂತೆ ನಾಲ್ಕು ವರ್ಷದ ತಪಾಸಣೆ ಹಲವು ಪಾಲಿಸಿಗಳಲ್ಲಿ ವರ್ಷಕ್ಕೊಮ್ಮೆಯ ತಪಾಸಣೆಯಾಯಿತು. ಕ್ಲೇಮು ಮಾಡಿದ್ದರೂ ಸಿಗುವಂಥ ಪಾಲಿಸಿಗಳು ಬಂದವು. ಗೊತ್ತುಮಾಡಿದ ಲ್ಯಾಬಿಗೆ ಹೋದರೆ ಹಣ ಕೊಡದೆಯೇ ರಕ್ತ ಕೊಟ್ಟು ಬರುವ ವ್ಯವಸ್ಥೆ ಬಂತು. ಹೆಚ್ಚುವರಿ ಕಂತು ಕಟ್ಟಿದರೆ ಹೊರರೋಗಿಯ ಖರ್ಚನ್ನೂ ಒಂದು ಮಿತಿಯವರೆಗೆ ಕೊಡುವ ಪಾಲಿಸಿಗಳೂ ಈಗ ಇವೆ. ಆದರೆ ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಮಾಮೂಲಿ ರಕ್ತಪರೀಕ್ಷೆ ಸಾಧಾರಣ ಪಾಲಿಸಿಯಲ್ಲಿ ಇನ್ನೂ ಮನೆಯವರ ಲೆಕ್ಕದಲ್ಲೇ ಉಳಿದಿದೆ.

ಹಂಚಿನ ಮನೆಯ ಉದಾಹರಣೆ

ವಿಮಾ ಕಂಪನಿಗಳು ಜಿಪುಣರಾದ್ದರಿಂದ ಹೀಗೆ ಎಂದುಬಿಡುವುದು ಸುಲಭ. ನಿಜವಾದ ಕಾರಣ ವಿಮೆಯ ತರ್ಕದಲ್ಲೇ ಇದೆ. ಕರಾವಳಿಯ ಒಂದು ಊರಿನಲ್ಲಿ ನೂರು ಹಂಚಿನ ಮನೆಗಳಿವೆ ಎನ್ನೋಣ. ಪ್ರತಿ ಮಳೆಗಾಲದಲ್ಲೂ ಗಾಳಿಗೆ ಯಾವುದೋ ಒಂದು ಮನೆಯ ಮಾಡು ಹಾರಿಹೋಗಿ 50,000 ರೂಪಾಯಿ ನಷ್ಟವಾಗುತ್ತದೆ. ಯಾವ ಮನೆ ಎಂದು ಮೊದಲೇ ಯಾರಿಗೂ ಗೊತ್ತಿಲ್ಲ. ನೂರು ಮನೆಯವರೂ ತಲಾ 500 ರೂಪಾಯಿ ಕೂಡಿಹಾಕಿದರೆ ಆ ನಷ್ಟ ತುಂಬುತ್ತದೆ. ಇದು ವಿಮೆ.

ಇನ್ನು ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಿಸುವ ಖರ್ಚನ್ನು ನೋಡಿ. ಅದು ಎಲ್ಲ ಮನೆಗೂ ಬರುವ ಖರ್ಚು. ಪ್ರತಿ ಮನೆಗೆ 500 ರೂಪಾಯಿ ಬೇಕಾದರೆ, ಪ್ರತಿ ಮನೆಯವರೂ 500 ಕೊಟ್ಟು 500 ಹಿಂದಕ್ಕೆ ಪಡೆದಂತಾಯಿತು. ನಡುವೆ ಲೆಕ್ಕ ಬರೆಯುವವನ ಸಂಬಳ ಬೇರೆ. ಎಲ್ಲರಿಗೂ ಖಂಡಿತವಾಗಿ ಬರುವ ಖರ್ಚನ್ನು ವಿಮೆಯಲ್ಲಿ ಹಾಕುವುದರಿಂದ ಲಾಭವಿಲ್ಲ ಎಂಬುದು ಕಂಪನಿಗಳ ವಾದ. ಮಾಮೂಲಿ ರಕ್ತಪರೀಕ್ಷೆಯನ್ನು ಅವು ಈ ಗುಂಪಿಗೆ ಸೇರಿಸುತ್ತವೆ.

ವಾದದಲ್ಲಿ ಹುರುಳಿದೆ. ಆದರೆ ಅದು ಅರ್ಧ ಸತ್ಯ. ಒಂದು ಒಡೆದ ಹಂಚನ್ನು ಹಾಗೆಯೇ ಬಿಟ್ಟರೆ ನೀರು ಇಳಿದು ಪಕಾಸು ಕೊಳೆಯುತ್ತದೆ, ಕಡೆಗೆ ಮಾಡೇ ಕುಸಿಯುತ್ತದೆ. ಆಗ 50,000 ಕೊಡಬೇಕಾದವರು ಆ ನೂರು ಮನೆಯವರೇ. ಹಂಚಿನ ಮೇಲೆ ಕಣ್ಣಿಡುವುದು ನಿಧಿಗೂ ಹಿತ. ಸಕ್ಕರೆ ಕಾಯಿಲೆ ಇಂಥದ್ದೇ. ಅದು ನೋವು ಕೊಡದೆ ವರ್ಷಗಟ್ಟಲೆ ಒಳಗೇ ಇದ್ದು ಮೂತ್ರಪಿಂಡವನ್ನೂ ಕಣ್ಣನ್ನೂ ಹಾಳುಮಾಡಬಲ್ಲದು. ರಕ್ತದಲ್ಲಿ ಅದರ ಗುರುತು ಸಿಗುತ್ತದೆ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ಅವುಗಳಲ್ಲಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಅದನ್ನು ಅಳೆದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, ನಡುವೆ ಇದ್ದರೆ ಎಚ್ಚರಿಕೆಯ ಗಂಟೆ. ಇಂಥ ಪರೀಕ್ಷೆಗೆ ಹಣ ಕೊಡದ ಪಾಲಿಸಿ, ಮುಂದೊಂದು ದಿನ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದಾಗ ಲಕ್ಷಗಟ್ಟಲೆ ಕೊಡುತ್ತದೆ. ಹಾಸಿಗೆ ಹಿಡಿದವನಿಗೆ ದುಡ್ಡುಂಟು, ಹಾಸಿಗೆ ಹಿಡಿಯದಂತೆ ಕಾಪಾಡಿಕೊಳ್ಳುವವನಿಗೆ ಇಲ್ಲ. ಕಂಪನಿಗಳು ವರ್ಷಕ್ಕೊಂದು ತಪಾಸಣೆ ಕೊಡಲು ಆರಂಭಿಸಿದ್ದರ ಹಿಂದೆ ಈ ಅರಿವೂ ಇದೆ.

'ಅಡ್ಮಿಟ್ ಮಾಡಿಬಿಡಿ ಡಾಕ್ಟ್ರೇ'

ಹೊರಗಿನಿಂದ ಮಾಡಿಸಿದರೆ ಹಣ ಬರುವುದಿಲ್ಲ, ಒಳಗೆ ಮಲಗಿದರೆ ಬರುತ್ತದೆ ಎಂದಾದ ಮೇಲೆ ಜನ ಒಂದು ಅಡ್ಡದಾರಿ ಹುಡುಕಿಕೊಂಡರು. ಮಳೆಗಾಲದಲ್ಲಿ ಮಗನಿಗೆ ಮೂರು ದಿನದ ಜ್ವರ. ಡೆಂಗ್ಯೂ ಇರಬಹುದೆಂಬ ಅನುಮಾನದಿಂದ ದಿನವೂ ಪ್ಲೇಟ್‌ಲೆಟ್ ಎಣಿಕೆ ನೋಡಬೇಕೆಂದು ವೈದ್ಯರು ಹೇಳುತ್ತಾರೆ. ಮನೆಯಲ್ಲೇ ಇದ್ದು ದಿನಕ್ಕೊಮ್ಮೆ ರಕ್ತ ಕೊಟ್ಟರೆ ಸಾಕು. 'ಅಡ್ಮಿಟ್ ಮಾಡಿಬಿಡಿ ಡಾಕ್ಟ್ರೇ, ಇನ್ಶೂರೆನ್ಸ್ ಇದೆ' ಎನ್ನುತ್ತಾರೆ ಮನೆಯವರು. ಹಾಸಿಗೆಯೊಂದು ತುಂಬುತ್ತದೆ. ನಿಜವಾಗಿ ಹಾಸಿಗೆ ಬೇಕಾದವನು ಹೊರಗೆ ಕಾಯುತ್ತಾನೆ.

ಈ ದಾರಿಯೂ ಈಗ ಕಿರಿದಾಗಿದೆ. 2019ರ ಸೆಪ್ಟೆಂಬರ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಯಾವ ಯಾವ ಖರ್ಚನ್ನು ಕಂಪನಿಗಳು ಕೈಬಿಡಬಹುದೆಂಬ ಪಟ್ಟಿಯನ್ನು ಎಲ್ಲರಿಗೂ ಅನ್ವಯಿಸುವ ಒಂದೇ ಭಾಷೆಯಲ್ಲಿ ಬರೆಯಿತು. ಅದರ ನಾಲ್ಕನೆಯ ಸಂಖ್ಯೆ ರಕ್ತಪರೀಕ್ಷೆಗೆ ಸಂಬಂಧಿಸಿದ್ದು. ಮುಖ್ಯವಾಗಿ ಪರೀಕ್ಷೆಗಾಗಿಯೇ ದಾಖಲಾದರೆ ಹಣ ಇಲ್ಲ. ಆಗ ಇರುವ ಕಾಯಿಲೆಗೂ ಚಿಕಿತ್ಸೆಗೂ ಸಂಬಂಧವಿಲ್ಲದ ಪರೀಕ್ಷೆಗೂ ಇಲ್ಲ. ಅಪೆಂಡಿಕ್ಸ್ ಶಸ್ತ್ರಕ್ರಿಯೆಗೆ ಸೇರಿದವರು 'ಹೇಗೂ ಬಂದಿದ್ದೇವಲ್ಲ, ಥೈರಾಯ್ಡನ್ನೂ ನೋಡಿಬಿಡಿ' ಎಂದು ಸೇರಿಸಿದ ಪರೀಕ್ಷೆ ಬಿಲ್ಲಿನಿಂದ ಕಡಿತವಾಗುವುದು ಈ ಕಾರಣಕ್ಕೆ. ಒಂದು ರಾತ್ರಿ ಮಲಗಿಸಿ ಕಳಿಸಿದ ಜ್ವರದ ಕ್ಲೇಮು ತಿರಸ್ಕೃತವಾದರೆ ಕುಟುಂಬದ ಮೇಲೆ ಬೀಳುವುದು ರಕ್ತಪರೀಕ್ಷೆಯ ಕೆಲವು ನೂರು ರೂಪಾಯಿ ಮಾತ್ರವಲ್ಲ, ಕೋಣೆಯ ಬಾಡಿಗೆ ಸಹಿತ ಇಡೀ ಬಿಲ್ಲು. ಉಳಿಸಹೋಗಿ ಕಳೆದುಕೊಂಡಂತೆ.

ಮಗುವನ್ನು ದಾಖಲಿಸಬೇಕೇ ಬೇಡವೇ ಎಂಬ ತೀರ್ಮಾನ ವೈದ್ಯರದಾಗಿರಬೇಕು, ಪಾಲಿಸಿಯದಾಗಬಾರದು. ಅವರು ಬೇಕೆಂದರೆ ತಡಮಾಡಕೂಡದು, ಬೇಡವೆಂದರೆ ಒತ್ತಾಯ ಸಲ್ಲದು.

ಅಮೆರಿಕದಲ್ಲಿ ಹೇಗೆ?

ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿಂದ ಬರುವ ಫೋನಿನಲ್ಲಿ ಲ್ಯಾಬಿನ ಬಿಲ್ಲಿನ ಮಾತೂ ಇರುತ್ತದೆ. ಅಲ್ಲಿ ಹಿರಿಯ ನಾಗರಿಕರಿಗಿರುವ ಮೆಡಿಕೇರ್ ವಿಮೆ 1984ರಿಂದ ಪ್ರತಿ ರಕ್ತಪರೀಕ್ಷೆಗೂ ಇಂತಿಷ್ಟು ಎಂಬ ದರಪಟ್ಟಿ ಇಟ್ಟುಕೊಂಡಿದೆ. 2014ರ ಒಂದು ಕಾನೂನಿನಂತೆ ಖಾಸಗಿ ವಿಮೆಗಳು ಲ್ಯಾಬುಗಳಿಗೆ ಎಷ್ಟು ಕೊಡುತ್ತಿವೆ ಎಂಬ ವಿವರ ಸಂಗ್ರಹಿಸಿ, 2018ರಿಂದ ಆ ಆಧಾರದ ಮೇಲೆ ದರ ಮರುನಿಗದಿ ಮಾಡಲಾಯಿತು. ಎಷ್ಟೋ ಮಾಮೂಲಿ ಪರೀಕ್ಷೆಗಳ ದರ ಇಳಿಯಿತು. ಮೊದಲ ಮೂರು ವರ್ಷ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಇಳಿಸಬಾರದೆಂಬ ತಡೆ ಇತ್ತು. ಲ್ಯಾಬುಗಳ ವಿರೋಧದ ನಡುವೆ ಮುಂದಿನ ಕಡಿತಗಳನ್ನು ಮತ್ತೆ ಮತ್ತೆ ಮುಂದೂಡಲಾಯಿತು.

2010ರ ಆರೋಗ್ಯ ಕಾನೂನಿನಂತೆ ಅಲ್ಲಿನ ವಿಮೆಗಳು ಶಿಫಾರಸಾದ ಮುನ್ನೆಚ್ಚರಿಕೆ ಪರೀಕ್ಷೆಗಳಿಗೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಆದರೆ ಅಲ್ಲಿಯೂ ಒಂದು ತೊಡಕಿದೆ. ಕಾಯಿಲೆ ಇದೆಯೇ ಎಂದು ಹುಡುಕಲು ಮಾಡಿದ ಸಕ್ಕರೆ ಪರೀಕ್ಷೆ ಉಚಿತವಾದರೆ, ಇದ್ದ ಕಾಯಿಲೆಯನ್ನು ನೋಡಿಕೊಳ್ಳಲು ಮಾಡಿದ ಅದೇ ಪರೀಕ್ಷೆಗೆ ಬಿಲ್ಲು ಬರಬಹುದು. ರಕ್ತ ಒಂದೇ, ಚೀಟಿಯ ಮೇಲಿನ ಬರಹ ಬೇರೆ. ಚೀಟಿಯಲ್ಲಿ ಏನು ಬರೆದಿದೆ ಎಂಬುದು ಬೈಕಂಪಾಡಿಯಲ್ಲಿ ಮುಖ್ಯವಾದಷ್ಟೇ ಬಾಸ್ಟನ್ನಿನಲ್ಲೂ ಮುಖ್ಯ.

ಸರ್ಕಾರಿ ಬಾಗಿಲು

ವಿಮೆಯೇ ಇಲ್ಲದವರು ಏನು ಮಾಡಬೇಕು? 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡತನರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಆದರೆ ಅದೂ ಮುಖ್ಯವಾಗಿ ದಾಖಲಾದವರಿಗೆ. ಮಾಮೂಲಿ ಪರೀಕ್ಷೆಗೆ ನೋಡಬೇಕಾದದ್ದು ಇನ್ನೊಂದು ಯೋಜನೆಯನ್ನು. ಕೇಂದ್ರ ಸರ್ಕಾರ 2015ರಲ್ಲಿ ಉಚಿತ ರೋಗಪತ್ತೆ ಸೇವೆ ಆರಂಭಿಸಿತು. ಅದರ ಪರಿಷ್ಕೃತ ಮಾರ್ಗಸೂಚಿಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63, ಜಿಲ್ಲಾ ಆಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆಗಳು ದೊರೆಯಬೇಕು. ಪಟ್ಟಿಯಲ್ಲಿ ಇರುವುದೆಲ್ಲ ಪ್ರತಿ ಕೇಂದ್ರದಲ್ಲೂ ಪ್ರತಿದಿನ ಸಿಗುತ್ತದೆ ಎನ್ನಲಾಗದು. ಕೇಳದೆ ಇದ್ದರೆ ಮಾತ್ರ ಸಿಗುವುದೇ ಇಲ್ಲ. ಮಂಗಳೂರಿನವರಿಗೆ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಇದೆ. ಮಲೇರಿಯಾದ ಕಾಟ ವರ್ಷಗಟ್ಟಲೆ ಅನುಭವಿಸಿದ ಈ ನಗರದಲ್ಲಿ ಮಲೇರಿಯಾ ರಕ್ತಪರೀಕ್ಷೆಯನ್ನು ಸರ್ಕಾರಿ ವ್ಯವಸ್ಥೆ ಉಚಿತವಾಗಿ ಮಾಡುತ್ತದೆ. ಶಾಲಾ ಮಕ್ಕಳಿಗಾಗಿ 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದೊಳಗಿನವರ ತಪಾಸಣೆಗೆಂದೇ ಇದೆ.

ಕಾರ್ಖಾನೆಗಳ ಕಡೆಯಿಂದಲೂ ಒಂದು ಹೊಸ ಬಾಗಿಲು ತೆರೆಯಬೇಕಿದೆ. 2025ರ ನವೆಂಬರ್‌ನಲ್ಲಿ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ 40 ವರ್ಷ ದಾಟಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕೆಂದು ಕೇಂದ್ರ ಕಾರ್ಮಿಕ ಸಚಿವಾಲಯ ಪ್ರಕಟಿಸಿತು. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ತಲೆಯೆತ್ತುವ ವಯಸ್ಸು ಅದೇ. ಬೈಕಂಪಾಡಿಯ ಸಣ್ಣ ಘಟಕಗಳಲ್ಲಿ ಇದು ಕಾಗದದಿಂದ ಕೈಗೆ ಇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ಅದಕ್ಕೂ ಕೇಳುವವರು ಬೇಕು.

ಮನೆಯಲ್ಲಿ ಮಾಡಬೇಕಾದದ್ದು

ಇಷ್ಟೆಲ್ಲ ತಿಳಿದ ಮೇಲೆ ಪ್ರತಿ ಕುಟುಂಬವೂ ಒಂದು ಭಾನುವಾರದ ಅರ್ಧ ದಿನವನ್ನು ಇದಕ್ಕಾಗಿ ಮೀಸಲಿಡಬಹುದು. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಪಾಲಿಸಿಯನ್ನು ಓದಿ ಹೇಳುವ ಕೆಲಸ ಕಾಲೇಜಿಗೆ ಹೋಗುವ ಮಗ ಅಥವಾ ಮಗಳದ್ದು. ಹುಡುಕಬೇಕಾದದ್ದು ನಾಲ್ಕೇ ಸಂಗತಿ: ದಾಖಲಾತಿಯ ಮುಂಚೆ ಮತ್ತು ನಂತರ ಎಷ್ಟು ದಿನ, ವರ್ಷದ ತಪಾಸಣೆ ಇದೆಯೇ, ಹೊರರೋಗಿ ಖರ್ಚು ಇದೆಯೇ, ಮಕ್ಕಳು ಯಾವ ವಯಸ್ಸಿನವರೆಗೆ ಸೇರಿದ್ದಾರೆ. ಉತ್ತರಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದರೆ ಜ್ವರದ ರಾತ್ರಿ ಹುಡುಕಾಡುವ ಗೋಜಿಲ್ಲ.

ಎರಡನೆಯದು, ಚೀಟಿಗಳ ಕಡತ. ಇಂದು ಮಾಡಿಸಿದ ಮಾಮೂಲಿ ಪರೀಕ್ಷೆ ಎರಡು ವಾರದ ನಂತರದ ದಾಖಲಾತಿಗೆ ಮುನ್ನುಡಿಯಾಗಬಹುದು. ಆಗ ವೈದ್ಯರು ಪರೀಕ್ಷೆ ಮಾಡಿಸಲು ಬರೆದ ಚೀಟಿ, ಲ್ಯಾಬಿನ ಮೂಲ ರಸೀದಿ, ವರದಿ ಈ ಮೂರೂ ಬೇಕು. ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ಆರೋಗ್ಯ ಸಂಜೀವಿನಿಯಂಥ ಪಾಲಿಸಿಯಲ್ಲಿ ಮುಂಚಿನ ಖರ್ಚಿನ ಬಿಲ್ಲುಗಳನ್ನು ಬಿಡುಗಡೆಯಾದ 30 ದಿನದೊಳಗೆ, ನಂತರದ ಖರ್ಚಿನ ಬಿಲ್ಲುಗಳನ್ನು ಆ ಚಿಕಿತ್ಸೆ ಮುಗಿದ 15 ದಿನದೊಳಗೆ ಸಲ್ಲಿಸಬೇಕು. ನ್ಯಾಯವಾದ ಕ್ಲೇಮನ್ನು ಕಂಪನಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ಬರೆದು, ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಮೂರನೆಯದು, ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮಿಗೆ 2012ರಲ್ಲಿ ಒಂದು ಅನುಕೂಲ ಸೇರಿಸಲಾಯಿತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಕುಟುಂಬದ ಮುನ್ನೆಚ್ಚರಿಕೆ ತಪಾಸಣೆಗೆ ಮಾಡಿದ ಖರ್ಚಿನಲ್ಲಿ 5,000 ರೂಪಾಯಿವರೆಗೆ, ವಿಮಾ ಕಂತಿನ ಒಟ್ಟು ಮಿತಿಯೊಳಗೆ, ಆದಾಯದಿಂದ ಕಳೆಯಬಹುದೆಂಬುದು ಅದರ ಸಾರ. ವಿಮಾ ಕಂತನ್ನು ನಗದಾಗಿ ಕಟ್ಟಿದರೆ ಲೆಕ್ಕಕ್ಕಿಲ್ಲ, ತಪಾಸಣೆಯ ಹಣವನ್ನು ನಗದಾಗಿ ಕೊಟ್ಟರೂ ನಡೆಯುತ್ತದೆ. ಜೊತೆಗೆ, ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಯಿತು. 10,000 ರೂಪಾಯಿ ಕಂತಿಗೆ 1,800 ರೂಪಾಯಿ ತೆರಿಗೆ ಉಳಿಯಿತೆಂದಾಯಿತು.

ಆ 1,800 ರೂಪಾಯಿಯನ್ನು ಎಲ್ಲಿಗೆ ಹಾಕಬೇಕು? ಮನೆಯಲ್ಲಿ ಸಕ್ಕರೆ ಕಾಯಿಲೆಯವರೊಬ್ಬರಿದ್ದು, ಒಂದು ಸಲದ ಪರೀಕ್ಷೆಗೆ 800 ರೂಪಾಯಿ ಆಗುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ ನಾಲ್ಕು ಸಲಕ್ಕೆ 3,200. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಉಳಿತಾಯದಿಂದಲೇ ಬರುತ್ತದೆ. ಉಳಿದ 1,400 ರೂಪಾಯಿಗೆ ತಿಂಗಳಿಗೆ 120 ರೂಪಾಯಿಯಂತೆ ಬೇರೆಯಾಗಿ ತೆಗೆದಿಟ್ಟರೆ ಸಾಕು. ವಿಮೆ ಕೊಡದ ಪರೀಕ್ಷೆಗೆ ಮನೆಯೇ ಇಟ್ಟುಕೊಂಡ ಸಣ್ಣ ವಿಮೆ ಇದು.

ಏಕೆಂದರೆ ಬಿಲ್ಲು ಯಾರ ಲೆಕ್ಕಕ್ಕೆ ಎಂಬ ಜಗ್ಗಾಟದಲ್ಲಿ ನಷ್ಟವಾಗುವುದು ಹೆಚ್ಚಾಗಿ ಮನೆಯ ಅಮ್ಮಂದಿರಿಗೆ. 'ಈ ಸಲ ಬೇಡ, ಮಕ್ಕಳ ಫೀಸು ಕಟ್ಟಬೇಕು, ಮುಂದಿನ ತಿಂಗಳು ನೋಡೋಣ' ಎಂದು ಮುಂದೂಡಲ್ಪಡುವ ಪರೀಕ್ಷೆ ಸಾಮಾನ್ಯವಾಗಿ ಅವರದೇ. ಮುಂದಿನ ತಿಂಗಳು ಪುಸ್ತಕ, ಅದರ ಮುಂದಿನ ತಿಂಗಳು ಹಬ್ಬ. ತಮ್ಮ ಫೀಸಿಗಾಗಿ ಮುಂದಕ್ಕೆ ಹೋದ ಆ ಪರೀಕ್ಷೆ ಕೊನೆಯದಾಗಿ ನಡೆದದ್ದು ಯಾವಾಗ ಎಂದು ವರದಿಯ ತಾರೀಕು ನೋಡುವುದು ಮಕ್ಕಳಿಂದ ಆಗದ ಕೆಲಸವಲ್ಲ. ತಾರೀಕು ಹಳೆಯದಾಗಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವರನ್ನು ಲ್ಯಾಬಿಗೆ ಕರೆದೊಯ್ಯಲು ಯಾವ ಪಾಲಿಸಿಯ ಅಪ್ಪಣೆಯೂ ಬೇಕಿಲ್ಲ.